ಕಡಲಾಮೆಯೂ ಕಾಫಿ ಕೊರಕವೂ

ಮೊಟ್ಟೆಯಿಟ್ಟು ತಿರುಗಿಯೂ ನೋಡದ ತಾಯಿ ಅಂತ ಹೊನ್ನಾವರದ ಕಡಲಾಮೆ ಬಗೆಗಿನ ಲೇಖನದಲ್ಲಿ ಬರೆದಿದ್ದೀರಿ. ಕೊಪ್ಪದ ಕಡೆ ಅರೇಬಿಕಾ ಕಾಫಿ ಬೆಳೆಯುವ ನಮಗೆ ಇಂಥ ತಾಯಿ ಹೊಸದಲ್ಲ ಮಾರಾಯ್ರೆ! ಕಾಫಿಗೆ ಬೀಳೋ ಬಿಳಿ ಕಾಂಡಕೊರಕ ದುಂಬಿಯೂ ಗಿಡದ ತೊಗಟೆಯ ಬಿರುಕಲ್ಲಿ ಮೊಟ್ಟೆಯಿಟ್ಟು ಹೋಗಿಬಿಡುತ್ತೆ. ವ್ಯತ್ಯಾಸ ಇರೋದು ಮರಿಯಲ್ಲಿ. ಆಮೆಮರಿ 45–60 ದಿನಕ್ಕೆ ಮರಳಿಂದೆದ್ದು ಸೀದಾ ಕಡಲಿಗೆ. ಕೊರಕದ ಹುಳು ತಿಂಗಳುಗಟ್ಟಲೆ ಕಾಂಡದೊಳಗೇ ಸುರಂಗ ಕೊರೆಯುತ್ತಾ, ಹಿಂದೆ ಪುಡಿ ತುಂಬುತ್ತಾ ಹೋಗುತ್ತೆ. ಹೊರಗೆ ಕಾಣೋದು ತೊಗಟೆ ಮೇಲಿನ ಉಬ್ಬುಗೆರೆ ಅಷ್ಟೇ. ಎಲೆ ಹಳದಿಯಾಗೋ ಹೊತ್ತಿಗೆ ಗಿಡ ಕಿತ್ತು ಸುಡೋದೊಂದೇ ದಾರಿ.

ಬಿಸಿಲಿನ ಸಂಗತಿ ಇನ್ನಷ್ಟು ಬರಬೇಕಿತ್ತು. ಮರಳು ಕಾದಷ್ಟೂ ಆಮೆಗಳಲ್ಲಿ ಹೆಣ್ಣುಮರಿ ಹೆಚ್ಚು. ಇಲ್ಲಿ ನೆರಳಿನ ಮರ ವಿಪರೀತ ಸವರಿ ಬಿಸಿಲು ಬಿದ್ದ ತೋಟಕ್ಕೇ ಕೊರಕದ ಕಾಟ ಜಾಸ್ತಿ. ಇನ್ನೊಂದು ಜಾತಿಯ ಕಾಫಿ, ರೊಬಸ್ಟಾ ಬೆಳೆಯೋರಿಗೆ ಈ ತಲೆನೋವು ಅಷ್ಟಿಲ್ಲ ಬಿಡಿ.