ಸ್ಟೆಂಟ್ ಹಾಕಿಸಿಕೊಂಡವರಿಗೆ ಎಲ್‌ಡಿಎಲ್ 96 ಎಂಬುದು ನಾರ್ಮಲ್ ಅಲ್ಲ

ವಿಜಯಪುರದಲ್ಲಿ ಔಷಧಿ ಅಂಗಡಿ ನಡೆಸುವ ನನ್ನಂಥವರಿಗೆ, ಹೃದಯಾಘಾತಕ್ಕೆ ಚಿಕಿತ್ಸೆ ಪಡೆದು ಬಂದವರು ಯಾವ ಗುಳಿಗೆಯನ್ನು ಎಷ್ಟು ಕಾಲ ಕೊಳ್ಳುತ್ತಾರೆ, ಯಾವುದನ್ನು ಮೊದಲು ಬಿಡುತ್ತಾರೆ ಎಂಬುದು ವೈದ್ಯರಿಗಿಂತ ಮುಂಚೆಯೇ ತಿಳಿಯುತ್ತದೆ. ಸೊಲ್ಲಾಪುರ, ಮಿರಜ, ಬೆಳಗಾವಿ, ಕಲಬುರಗಿ, ಎಲ್ಲಿ ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಸಣ್ಣ ಬಲೆಯ ಕೊಳವೆ) ಹಾಕಿಸಿಕೊಂಡು ಬಂದರೂ ಚೀಟಿಯಲ್ಲಿ ಹೆಚ್ಚುಕಡಿಮೆ ಅವೇ ನಾಲ್ಕೈದು ಔಷಧಿಗಳಿರುತ್ತವೆ. ರಕ್ತ ತೆಳುವಾಗಿಸುವ ಗುಳಿಗೆಯನ್ನು ಜನ ಭಯಕ್ಕಾದರೂ ಬಿಡುವುದಿಲ್ಲ. ಬಿಪಿ ಗುಳಿಗೆ ಬಿಟ್ಟರೆ ತಲೆ ತಿರುಗೀತು ಎಂಬ ಅಂಜಿಕೆ ಇರುತ್ತದೆ. ಬಿಟ್ಟರೂ ಮೈಗೆ ಏನೂ ಗೊತ್ತಾಗದ ಒಂದೇ ಗುಳಿಗೆ ಕೊಲೆಸ್ಟ್ರಾಲಿನದು, ಆದ್ದರಿಂದ ಮೊದಲು ಬಿಟ್ಟುಹೋಗುವುದೂ ಅದೇ. ಕಾರಣ ಕೇಳಿದರೆ, ರಿಪೋರ್ಟ್ ನಾರ್ಮಲ್ ಬಂದಿದೆ ಎನ್ನುತ್ತಾರೆ.

ಇತ್ತೀಚೆಗೆ ಇಂಡಿ ಕಡೆಯ ನಿಂಬೆ ಬೆಳೆಗಾರರೊಬ್ಬರು ಅಂಥದೊಂದು ರಿಪೋರ್ಟನ್ನು ಕೌಂಟರಿನ ಮೇಲೆ ಬಿಚ್ಚಿಟ್ಟು, "ನೋಡ್ರಿ, ಎಲ್ಲಾ ನಾರ್ಮಲ್ ಐತಿ. ಇನ್ಯಾಕ ಬೇಕ್ರಿ ಈ ಗುಳಿಗಿ?" ಎಂದು ಕೇಳಿದರು. ಎಲ್‌ಡಿಎಲ್, ಅಂದರೆ ರಕ್ತನಾಳದಲ್ಲಿ ಕಟ್ಟಿಕೊಳ್ಳುವ ಕೆಟ್ಟ ಕೊಲೆಸ್ಟ್ರಾಲ್, ಎದುರು 96 ಎಂದಿತ್ತು, ಅದರ ಪಕ್ಕದ ಸಾಲಿನಲ್ಲಿ 100ಕ್ಕಿಂತ ಕಡಿಮೆ ಇರಬೇಕು ಎಂದಿತ್ತು. ಹೀಗಾಗಿ ಲ್ಯಾಬಿನ ಯಂತ್ರ ಆ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿರಲಿಲ್ಲ. ಅವರ ಬೆರಳು ಆ ಸಾಲಿನ ಮೇಲೆಯೇ ನಿಂತಿತ್ತು. "ಕಾಕಾರ, ಆ ನೂರರ ಲೆಕ್ಕ ಎಲ್ಲಾರಿಗೂ ಹಾಕಿದ್ದು. ಒಮ್ಮೆ ಅಟ್ಯಾಕ್ ಆದವರಿಗೆ ಐವತ್ತೈದರ ಕೆಳಗ ಇರಬೇಕು. ಈ ತೊಂಬತ್ತಾರೂ ಗುಳಿಗಿ ತಗೊಂಡಿದ್ದಕ್ಕ ಬಂದದ್ದು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂತ ಚೀಟ್ಯಾಗ ಯಾರೂ ಬರದಿಲ್ಲಲ್ರೀ. ಬರದಿದ್ರ ನಾ ಯಾಕ ಬಿಡ್ತಿದ್ದೆ?" ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದು, ಮತ್ತು ಈ ಬರಹಕ್ಕೆ ಕಾರಣವೂ ಅದೇ. ಹೃದಯಾಘಾತ ಆದವರ ಎಲ್‌ಡಿಎಲ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 55 ಮಿಲಿಗ್ರಾಂಗಿಂತ ಕೆಳಗಿರಬೇಕು, ಜೊತೆಗೆ ಮೊದಲಿದ್ದ ಮಟ್ಟಕ್ಕಿಂತ ಅರ್ಧಕ್ಕಾದರೂ ಇಳಿದಿರಬೇಕು ಎಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರಲ್ಲಿ ಹೇಳಿತು. ಭಾರತದ ಹೃದ್ರೋಗ ತಜ್ಞರ ಸಂಘವೂ 2024ರ ತನ್ನ ಮಾರ್ಗಸೂಚಿಯಲ್ಲಿ ಇಂಥ ರೋಗಿಗಳಿಗೆ 55ರ ಮಿತಿಯನ್ನೇ ಇಟ್ಟಿದೆ. ಆದರೆ ಲ್ಯಾಬಿನ ಹಾಳೆಗೆ ತನ್ನ ಮುಂದಿರುವ ರಕ್ತ ಆರೋಗ್ಯವಂತನದೋ, ಸ್ಟೆಂಟ್ ಹಾಕಿಸಿಕೊಂಡವನದೋ ಎಂಬುದು ಗೊತ್ತಿರುವುದಿಲ್ಲ. ಅದು ಎಲ್ಲರಿಗೂ ಒಂದೇ ಮಿತಿಯನ್ನು ಮುದ್ರಿಸುತ್ತದೆ, ಓದುವವರು ಅದನ್ನೇ ತಮ್ಮ ಮಿತಿ ಎಂದು ತಿಳಿಯುತ್ತಾರೆ. ಓದು ಬರಹ ಬಲ್ಲವರು, ಮಾಸ್ತರಿಕೆ ಮಾಡಿ ನಿವೃತ್ತರಾದವರು ಕೂಡ ಇದೇ ಸಾಲನ್ನು ತೋರಿಸಿ ಗುಳಿಗೆ ಬೇಡ ಎಂದದ್ದನ್ನು ಕಂಡಿದ್ದೇನೆ.

ಇಷ್ಟು ಕೆಳಗೆ ಏಕೆ ಇಳಿಸಬೇಕು ಎಂಬುದು ಅರ್ಥವಾಗದಿದ್ದರೆ ಗುಳಿಗೆ ಉಳಿಯುವುದಿಲ್ಲ. ಸ್ಟೆಂಟ್ ಹಾಕಿದ್ದು ರಕ್ತನಾಳದ ಒಂದು ಜಾಗಕ್ಕೆ ಮಾತ್ರ. ಕೊಬ್ಬು ಕಟ್ಟುವ ರೋಗ ಹೃದಯದ ಎಲ್ಲ ರಕ್ತನಾಳಗಳ ಗೋಡೆಯೊಳಗೂ ನಡೆದಿರುತ್ತದೆ. ಹೃದಯಾಘಾತ ಮಾಡುವುದು ಯಾವಾಗಲೂ ಆಂಜಿಯೋಗ್ರಾಫಿಯಲ್ಲಿ ದೊಡ್ಡದಾಗಿ ಕಂಡ ಅಡ್ಡಿಯಲ್ಲ. ನಾಳವನ್ನು ಅರ್ಧವೂ ಮುಚ್ಚದ, ಒಳಗೆ ಕೊಬ್ಬು ತುಂಬಿ ಮೇಲಿನ ಪದರ ತೆಳ್ಳಗಾದ ಗಂಟೊಂದು ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಕೆಲವೇ ನಿಮಿಷಗಳಲ್ಲಿ ಹರಿವು ನಿಂತುಬಿಡುತ್ತದೆ. ಎಲ್‌ಡಿಎಲ್ ಚೆನ್ನಾಗಿ ಇಳಿದು, ವರ್ಷಗಟ್ಟಲೆ ಹಾಗೆಯೇ ಇದ್ದರೆ ಆ ಗಂಟುಗಳೊಳಗಿನ ಕೊಬ್ಬು ಕಡಿಮೆಯಾಗುತ್ತದೆ, ಮೇಲಿನ ಪದರ ದಪ್ಪವಾಗುತ್ತದೆ, ಒಡೆಯುವ ಸಂಭವ ತಗ್ಗುತ್ತದೆ. ಸ್ಟೆಂಟಿನಿಂದ ಈ ಕೆಲಸ ಆಗುವುದಿಲ್ಲ.

ಇದಕ್ಕೆ ಸಾಕ್ಷಿ ಹಳೆಯದು, ಗಟ್ಟಿಯಾದದ್ದು. 1970ರ ದಶಕದ ಆರಂಭದಲ್ಲಿ ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ದೇಹದಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಡೆಯುವ ವಸ್ತುವನ್ನು ಕಂಡುಹಿಡಿದರು. ಸ್ಟಾಟಿನ್ ಎಂಬ ಔಷಧಿಗಳ ಕುಟುಂಬ ಹುಟ್ಟಿದ್ದು ಅಲ್ಲಿಂದ. 1994ರಲ್ಲಿ ಸ್ವೀಡನ್, ನಾರ್ವೆ ಮೊದಲಾದ ಉತ್ತರ ಯುರೋಪಿನ ದೇಶಗಳ 4,444 ಹೃದ್ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಸಿಮ್ವಾಸ್ಟಾಟಿನ್, ಉಳಿದವರಿಗೆ ಔಷಧಿಯಿಲ್ಲದ ಗುಳಿಗೆ ಕೊಟ್ಟು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದಾಗ, ಔಷಧಿ ಇಲ್ಲದ ಗುಂಪಿನಲ್ಲಿ 256 ಜನ, ಸ್ಟಾಟಿನ್ ಪಡೆದ ಗುಂಪಿನಲ್ಲಿ 182 ಜನ ತೀರಿಕೊಂಡಿದ್ದರು. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದಂತೆಲ್ಲ ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಆಪತ್ತುಗಳು ಐದರಲ್ಲಿ ಒಂದು ಭಾಗದಷ್ಟು ಕಡಿಮೆಯಾಗುವುದು ಕಂಡುಬಂತು. ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮತ್ತೆ ಮೊದಲಿದ್ದಲ್ಲಿಗೆ ಏರುತ್ತದೆ.

ನನ್ನನ್ನು ಬಹಳ ಕಾಡುವ ಸಂಗತಿ ಇನ್ನೊಂದಿದೆ, ಅದರ ಬಗ್ಗೆ ಯಾರೂ ಮಾತಾಡಿದ್ದನ್ನು ಕೇಳಿಲ್ಲ. ಸ್ಟೆಂಟ್ ಆದ ಅನೇಕರಿಗೆ ಮೂರು ಔಷಧಿ ಸೇರಿದ ಒಂದೇ ಕ್ಯಾಪ್ಸೂಲ್ ಬರೆದುಕೊಡುತ್ತಾರೆ. ಅದರಲ್ಲಿ ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಜೊತೆಗೆ ಅಟೊರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್ ಎಂಬ ಸ್ಟಾಟಿನ್ ಇರುತ್ತದೆ. ಮೂರು ಗುಳಿಗೆಯ ಬದಲು ಒಂದೇ ನುಂಗಿದರೆ ರೋಗಿಗೆ ಅನುಕೂಲ ಎಂಬುದು ನಿಜ. ಆದರೆ ಸುಮಾರು ಒಂದು ವರ್ಷದ ನಂತರ ಕ್ಲೋಪಿಡೋಗ್ರೆಲ್ ಸಾಕು, ಇನ್ನು ಮುಂದೆ ಆಸ್ಪಿರಿನ್ ಒಂದೇ ಇರಲಿ ಎಂದು ವೈದ್ಯರು ಹೇಳಿದಾಗ, ಆ ಕ್ಯಾಪ್ಸೂಲ್ ನಿಲ್ಲುತ್ತದೆ, ಅದರೊಳಗಿದ್ದ ಕೊಲೆಸ್ಟ್ರಾಲ್ ಔಷಧಿಯೂ ಅದರ ಜೊತೆಗೇ ನಿಂತುಹೋಗುತ್ತದೆ. ಅದನ್ನು ಬೇರೆಯಾಗಿ ಬರೆದುಕೊಡಬೇಕಿತ್ತು ಎಂಬುದು ಅವಸರದಲ್ಲಿ ಮರೆತುಹೋಗುತ್ತದೆ, ರೋಗಿಗಂತೂ ಅದರೊಳಗೆ ಅಂಥದೊಂದು ಔಷಧಿ ಇತ್ತು ಎಂಬುದೇ ತಿಳಿದಿರುವುದಿಲ್ಲ. ಇನ್ನೊಂದು ತೊಂದರೆ ಪ್ರಮಾಣದ್ದು. ಇಂಥ ಕ್ಯಾಪ್ಸೂಲುಗಳಲ್ಲಿ ಅನೇಕವು ಅಟೊರ್ವಾಸ್ಟಾಟಿನ್ 10 ಅಥವಾ 20 ಮಿಲಿಗ್ರಾಂ ಇರುವಂಥವು. ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಬೇಕಾಗುವುದು 40 ಅಥವಾ 80. ಅಟೊರ್ವಾಸ್ಟಾಟಿನ್ ಕನಿಷ್ಠ 40, ಇಲ್ಲವೇ ರೋಸುವಾಸ್ಟಾಟಿನ್ ಕನಿಷ್ಠ 20 ಇದ್ದಾಗ ಮಾತ್ರ ಎಲ್‌ಡಿಎಲ್ ಅರ್ಧದಷ್ಟು ಇಳಿಯುವ ಭರವಸೆ ಇದೆ.

ಅಷ್ಟರಿಂದಲೂ ಸಾಲದಿದ್ದರೆ ಅದೇ ಗುಳಿಗೆಯನ್ನು ಇಮ್ಮಡಿ ಮಾಡುವುದರಿಂದ ಹೆಚ್ಚಿನ ಲಾಭವಿಲ್ಲ, ಪ್ರತಿ ಸಲ ಇಮ್ಮಡಿಸಿದಾಗ ಶೇ. 6ರಷ್ಟು ಮಾತ್ರ ಹೆಚ್ಚು ಇಳಿಯುತ್ತದೆ. ಎಜೆಟಿಮೈಬ್ ಎಂಬ ಸಣ್ಣ ಗುಳಿಗೆಯನ್ನು ಜೊತೆಗೆ ಸೇರಿಸಿದರೆ ಇನ್ನೂ ಸುಮಾರು ಶೇ. 20 ಇಳಿಯುತ್ತದೆ. ಉದಾಹರಣೆಗೆ, ಮೊದಲು 130 ಇದ್ದವರದು ಸ್ಟಾಟಿನಿನಿಂದ 65ಕ್ಕೆ, ಎಜೆಟಿಮೈಬ್ ಸೇರಿದಾಗ 52ಕ್ಕೆ ಬಂದೀತು. 18,000ಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ, ಹೀಗೆ ಸೇರಿಸಿ ಕೊಟ್ಟಾಗ ಮತ್ತೆ ಹೃದಯಾಘಾತವಾಗುವುದು ಇನ್ನಷ್ಟು ಕಡಿಮೆಯಾಗುತ್ತದೆ ಎಂದು ತೋರಿಸಿತು. ಇದಕ್ಕೂ ಮೀರಿ ಬೇಕಾದವರಿಗೆ ಚುಚ್ಚುಮದ್ದುಗಳಿವೆ, ಆದರೆ ಅವು ನಮ್ಮ ಕಡೆಯ ಬಹುಪಾಲು ಜನರ ಕೈಗೆಟುಕುವ ಬೆಲೆಯಲ್ಲಿಲ್ಲ. ಅಟೊರ್ವಾಸ್ಟಾಟಿನ್ ಹಾಗಲ್ಲ. ಅದು ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಜನೌಷಧಿ ಕೇಂದ್ರದಲ್ಲಂತೂ ಬಡವರಿಗೂ ನಿಲುಕುವ ಬೆಲೆಗೆ ಸಿಗುತ್ತದೆ. ನನ್ನ ಅಂಗಡಿಯ ವ್ಯಾಪಾರಕ್ಕೆ ನಷ್ಟವಾದರೂ ಸರಿ, ದುಡ್ಡಿನ ಅಡಚಣೆಯಿಂದ ಗುಳಿಗೆ ಬಿಡುವವರಿಗೆ ನಾನು ಆ ಕೇಂದ್ರದ ದಾರಿಯನ್ನೇ ತೋರಿಸುತ್ತೇನೆ.

ಮೈಕೈ ನೋವು ಬರುತ್ತದೆ, ಲಿವರ್ ಹಾಳಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿಂದ ಬಿಡುವವರೂ ಇದ್ದಾರೆ. ಸ್ಟಾಟಿನಿನಿಂದ ಸ್ನಾಯು ನೋವು ಕೆಲವರಿಗೆ ನಿಜವಾಗಿಯೂ ಬರುತ್ತದೆ, ತೀರ ಅಪರೂಪಕ್ಕೆ ಸ್ನಾಯುಗಳಿಗೆ ದೊಡ್ಡ ಹಾನಿಯೂ ಆಗಬಹುದು, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಸಕ್ಕರೆ ಸ್ವಲ್ಪ ಏರಬಹುದು. ಇವನ್ನು ಮುಚ್ಚಿಡಬಾರದು. ಆದರೆ ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ಹೇಳಲೇಬೇಕು. ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ, ಯಾವ ತಿಂಗಳಲ್ಲಿ ಏನಿದೆ ಎಂದು ಹೇಳದೆ, ನಾಲ್ಕು ತಿಂಗಳು ಸ್ಟಾಟಿನ್, ನಾಲ್ಕು ತಿಂಗಳು ಔಷಧಿಯಿಲ್ಲದ ಗುಳಿಗೆ ಕೊಟ್ಟು, ಇನ್ನು ನಾಲ್ಕು ತಿಂಗಳು ಏನನ್ನೂ ಕೊಡದೆ ನೋಡಿದರು. ಸ್ಟಾಟಿನ್ ನುಂಗಿದಾಗ ಅನುಭವಿಸಿದ ತೊಂದರೆಯ ಶೇ. 90ರಷ್ಟು, ಔಷಧಿಯೇ ಇಲ್ಲದ ಗುಳಿಗೆ ನುಂಗಿದಾಗಲೂ ಇತ್ತು. ತಮ್ಮದೇ ಲೆಕ್ಕವನ್ನು ಕಣ್ಣಾರೆ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಗುಳಿಗೆಯನ್ನು ಮತ್ತೆ ಶುರುಮಾಡಿದರು. ಆದ್ದರಿಂದ ನೋವು ಬಂದರೆ ವೈದ್ಯರಿಗೆ ಹೇಳಬೇಕು. ಅವರು ಪ್ರಮಾಣ ಇಳಿಸಿಯಾರು, ಬೇರೆ ಸ್ಟಾಟಿನ್ ಕೊಟ್ಟಾರು. ಯಾರಿಗೂ ಹೇಳದೆ ತಾವಾಗಿಯೇ ಬಿಡುವುದು ಮಾತ್ರ ಸಲ್ಲದು.

ಊಟದ ವಿಚಾರದಲ್ಲಿ ನಮ್ಮ ಜನ ಪಾಪ, ಬಿಡಬಾರದ್ದನ್ನು ಬಿಡುತ್ತಾರೆ. ಸ್ಟೆಂಟ್ ಹಾಕಿದ ಮರುದಿನದಿಂದ ಶೇಂಗಾ ಹಿಂಡಿ ಬಂದ್ ಆಗುತ್ತದೆ. ಶೇಂಗಾದಲ್ಲಿ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ, ಅದರ ಕೊಬ್ಬಿನಲ್ಲಿ ಹೆಚ್ಚಿನದು ಹೃದಯಕ್ಕೆ ಒಳ್ಳೆಯದೇ. ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ನಮ್ಮ ಹಿರಿಯರು ಗಾಣಕ್ಕೆ ಹಾಕಿಸುತ್ತಿದ್ದ ಕುಸುಬಿ ಎಣ್ಣೆ, ಇವುಗಳಿಗೂ ಇದೇ ಮಾತು, ಉಪ್ಪಿನ ಮೇಲೆ ಹಿಡಿತವಿದ್ದರಾಯಿತು. ಕಡಿಮೆ ಮಾಡಬೇಕಾದದ್ದು ಬೆಣ್ಣೆ, ತುಪ್ಪ, ಪಾಮ್ ಎಣ್ಣೆ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಭಜಿ, ಚಹಾದೊಂದಿಗೆ ದಿನವೂ ತಿನ್ನುವ ಬೇಕರಿಯ ಖಾರಿ. ತಂಬಾಕು, ಗುಟ್ಕಾಗಳನ್ನು ಪೂರ್ತಿ ಬಿಡಬೇಕು. ಎಣ್ಣೆಯ ಡಬ್ಬಿಯ ಮೇಲೆ ಕೊಲೆಸ್ಟ್ರಾಲ್ ಇಲ್ಲ ಎಂದು ಬರೆದಿರುವುದನ್ನು ಕಂಡು ಯಾರೂ ಹಿಗ್ಗಬೇಕಾಗಿಲ್ಲ, ಯಾವ ಸಸ್ಯದ ಎಣ್ಣೆಯಲ್ಲೂ ಅದು ಇರುವುದಿಲ್ಲ. ದೇಹದ ಕೊಲೆಸ್ಟ್ರಾಲಿನ ಬಹುಭಾಗವನ್ನು ಲಿವರ್ ಮತ್ತು ಇತರ ಅಂಗಗಳೇ ತಯಾರಿಸುವುದರಿಂದ, ಬರೀ ಪಥ್ಯದಿಂದ 55ಕ್ಕೆ ಇಳಿಯುವವರು ವಿರಳ. ಜೋಳದ ರೊಟ್ಟಿ ತಿನ್ನುವವರಿಗೆ ಈ ಗುಳಿಗೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇದು.

ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿದ್ದಾರೆ. ಇದು ದೊಡ್ಡ ಕೆಲಸ, ಮನಸಾರೆ ಮೆಚ್ಚಬೇಕಾದದ್ದು. ಹಾಗೆ ಉಳಿದು ಮನೆಗೆ ಬಂದವರ ಎರಡನೆಯ ವರ್ಷ, ಐದನೆಯ ವರ್ಷ ಯಾರ ಲೆಕ್ಕದಲ್ಲಿದೆ ಎಂಬುದೇ ನನ್ನ ಚಿಂತೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಕೊಡುವ ಹಾಳೆಯಲ್ಲಿ ಸ್ಟೆಂಟಿನ ಕಂಪನಿ, ಉದ್ದ, ಅಗಲ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಅದೇ ಹಾಳೆಯ ಮೇಲ್ಭಾಗದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ, ನಿಮ್ಮ ಎಲ್‌ಡಿಎಲ್ 55ರ ಕೆಳಗಿರಬೇಕು, ಆರು ವಾರಕ್ಕೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳದೆ ಈ ಗುಳಿಗೆ ನಿಲ್ಲಿಸಬೇಡಿ ಎಂದು ಬರೆದುಕೊಡಲಿ. ಈ ಪರೀಕ್ಷೆಗಾಗಿ ಸಿಂದಗಿ, ಮುದ್ದೇಬಿಹಾಳದಿಂದ ಬೆಳಗಿನ ಜಾವ ಹಸಿದುಕೊಂಡು ಬಸ್ ಹತ್ತುವ ಅಗತ್ಯ ಬಹಳ ಜನರಿಗೆ ಇರುವುದಿಲ್ಲ ಎಂಬುದನ್ನೂ ಹೇಳಲಿ. ಟ್ರೈಗ್ಲಿಸರೈಡ್ ಎಂಬ ರಕ್ತದ ಇನ್ನೊಂದು ಬಗೆಯ ಕೊಬ್ಬು ಬಹಳ ಹೆಚ್ಚಿರುವವರನ್ನು ಬಿಟ್ಟರೆ, ಉಂಡ ಮೇಲೆ ಮಾಡಿಸಿದರೂ ಎಲ್‌ಡಿಎಲ್ ಲೆಕ್ಕ ಸಾಕಷ್ಟು ಸರಿಯಾಗಿಯೇ ಬರುತ್ತದೆ.

ಔಷಧಿ ಅಂಗಡಿಗಳ ನನ್ನ ಬಂಧುಗಳಲ್ಲಿ ಒಂದು ವಿನಂತಿ. ಮೂರು ಔಷಧಿಯ ಕ್ಯಾಪ್ಸೂಲ್ ಒಯ್ಯುತ್ತಿದ್ದವರು ಬಂದು ಬರೀ ಆಸ್ಪಿರಿನ್ ಕೇಳಿದರೆ, ಪಟ್ಟಿ ಕತ್ತರಿಸಿ ಕೊಡುವ ಮುನ್ನ ಕೊಲೆಸ್ಟ್ರಾಲಿನ ಗುಳಿಗೆಯನ್ನು ಬೇರೆ ಬರೆದುಕೊಟ್ಟಿದ್ದಾರೆಯೇ ಎಂದು ಕೇಳಿ. ಇಲ್ಲವೆಂದರೆ ಚೀಟಿಯ ಹಿಂಭಾಗದಲ್ಲಿ ಆ ಪ್ರಶ್ನೆಯನ್ನೇ ಬರೆದು ಅವರನ್ನು ವೈದ್ಯರ ಬಳಿಗೆ ಕಳುಹಿಸಿ.