ಕಡಿತ ಬೇಡ ಅನ್ನುವ ವಿರೋಧ ಪಕ್ಷ ಬದಲಿ ಲೆಕ್ಕವನ್ನೂ ಕೊಡಬೇಕಾ? ಪರ-ವಿರೋಧ

ಖಜಾನೆ ಬರಿದಾದಾಗ ಎಲ್ಲ ಸಂಸತ್ತುಗಳಲ್ಲೂ ಹೆಚ್ಚುಕಡಿಮೆ ಒಂದೇ ಜಗಳ. ಹಣಕಾಸು ಸಚಿವರು ಕಡಿತದ ಪಟ್ಟಿ ಓದುತ್ತಾರೆ. ಎದುರು ಬೆಂಚಿನಿಂದ ‘ಬೇಡ’ ಅನ್ನುವ ಕೂಗು ಏಳುತ್ತದೆ. ಆಗ ಸಚಿವರು ತಿರುಗಿ ಕೇಳುತ್ತಾರೆ, ‘ಸರಿ, ನೀವಾಗಿದ್ದರೆ ಎಲ್ಲಿ ಕಡಿತ ಮಾಡುತ್ತಿದ್ದಿರಿ?’ ಇದಕ್ಕೆ ಉತ್ತರ ಕೊಡುವುದು ವಿರೋಧ ಪಕ್ಷದ ಹೊಣೆಯಾ? ಎರಡೂ ಕಡೆಯ ವಾದವನ್ನು ಅದರದರ ಪೂರ್ತಿ ಬಲದಲ್ಲಿ ಬರೆದಿದ್ದೇನೆ.

ಪರ: ಲೆಕ್ಕ ಇಲ್ಲದ ‘ಬೇಡ’ ನಂಬಿಕೆ ಕೆಡಿಸುತ್ತದೆ

ಐರ್ಲೆಂಡಿನ 1987ರ ಚುನಾವಣೆಯಿಂದ ಶುರು ಮಾಡುತ್ತೇನೆ. ದೇಶದ ಸಾಲ ಆಗ ವರ್ಷದ ಒಟ್ಟು ಆದಾಯವನ್ನೂ ಮೀರಿತ್ತು. ವಿರೋಧ ಪಕ್ಷದಲ್ಲಿದ್ದ ಫಿಯನ್ನಾ ಫಾಯಿಲ್ ಒಂದು ಪೋಸ್ಟರ್ ಹಾಕಿತ್ತು. ಆರೋಗ್ಯದ ಖರ್ಚು ಕಡಿತ ಮಾಡಿದರೆ ಏಟು ಬೀಳುವುದು ಮುದುಕರಿಗೆ, ರೋಗಿಗಳಿಗೆ, ಅಂಗವಿಕಲರಿಗೆ ಅಂತ. ಮಾತೇನೋ ನಿಜ. ಆದರೆ ಅದೇ ಪಕ್ಷ ಗೆದ್ದು ಅಲ್ಪಮತದ ಸರ್ಕಾರ ಮಾಡಿದ ಮೇಲೆ ಏನಾಯಿತು? ತಾನು ಬೈದಿದ್ದಕ್ಕಿಂತ ಜಾಸ್ತಿ ಕಡಿತ ಮಾಡಿತು. ಹಣಕಾಸು ಸಚಿವ ರೇ ಮ್ಯಾಕ್‌ಶ್ಯಾರಿಗೆ ‘ಮ್ಯಾಕ್ ದ ನೈಫ್’ ಅನ್ನುವ ಅಡ್ಡಹೆಸರೇ ಬಂತು.

ಆ ಪೋಸ್ಟರ್ ನೋಡಿ ವೋಟು ಹಾಕಿದವರನ್ನು ಒಂದು ಕ್ಷಣ ನೆನೆಯಿರಿ. ಕಡಿತ ತಪ್ಪಿಸಲೆಂದೇ ಮತ ಕೊಟ್ಟರು, ಅದೇ ಮತದಿಂದ ಇನ್ನೂ ದೊಡ್ಡ ಕಡಿತ ಬಂತು. ಚುನಾವಣೆಗೆ ಮೊದಲೇ ‘ಇದು ಬೇಡ ಅಂದರೆ ಆ ದುಡ್ಡು ಎಲ್ಲಿಂದ ತರುತ್ತೀರಿ’ ಅಂತ ಒತ್ತಿ ಕೇಳಿ ಉತ್ತರ ಬರೆಸಿಕೊಂಡಿದ್ದರೆ ಜನರಿಗೆ ಕೊನೇ ಪಕ್ಷ ತಾವು ಯಾವುದಕ್ಕೆ ಮತ ಹಾಕುತ್ತಿದ್ದೇವೆ ಅನ್ನುವುದಾದರೂ ಗೊತ್ತಿರುತ್ತಿತ್ತು.

ಬ್ರಿಟನ್ನಿನಲ್ಲೂ ಇಂಥದ್ದೇ ಆಯಿತು. 2010ರ ಚುನಾವಣೆಯಲ್ಲಿ ವ್ಯಾಟ್ ತೆರಿಗೆ ಏರಿಸುವ ಯೋಜನೆ ಇಲ್ಲ ಅಂತ ಕನ್ಸರ್ವೇಟಿವ್ ಪಕ್ಷ ಹೇಳಿತ್ತು. ಮೇ ತಿಂಗಳಲ್ಲಿ ಅಧಿಕಾರ ಸಿಕ್ಕಿತು. ಜೂನ್ ಬಜೆಟ್‌ನಲ್ಲೇ ವ್ಯಾಟ್ ಅನ್ನು ಶೇ 17.5ರಿಂದ ಶೇ 20ಕ್ಕೆ ಏರಿಸುವ ಘೋಷಣೆ ಬಂತು.

ಹೀಗಾಗಿ ನನಗೆ ಐರ್ಲೆಂಡಿನ ಅಲನ್ ಡ್ಯೂಕ್ಸ್ ದೊಡ್ಡ ಮನುಷ್ಯನಾಗಿ ಕಾಣುತ್ತಾರೆ. 1987ರಲ್ಲಿ ಅವರು ಫಿನ ಗೇಲ್ ಪಕ್ಷದ ನಾಯಕ, ಅಂದರೆ ವಿರೋಧ ಪಕ್ಷದ ನಾಯಕ. ಅಲ್ಪಮತದ ಸರ್ಕಾರವನ್ನು ಬೀಳಿಸುವ ದಾರಿ ಅವರ ಮುಂದಿತ್ತು. ಸೆಪ್ಟೆಂಬರ್ 2ರಂದು ಟ್ಯಾಲಾದಲ್ಲಿ ಮಾಡಿದ ಭಾಷಣದಲ್ಲಿ ಅವರು ಬೇರೆಯೇ ಮಾತು ಹೇಳಿದರು. ಸರ್ಕಾರ ಸರಿಯಾದ ದಿಕ್ಕಿನಲ್ಲಿ ಹೋಗುವವರೆಗೆ ಅದರ ಆರ್ಥಿಕ ನೀತಿಯ ಮುಖ್ಯ ದಾರಿಗೆ ಅಡ್ಡ ಬರುವುದಿಲ್ಲ ಅಂದರು. ಕಣ್ಣು ಮುಚ್ಚಿ ಕೊಟ್ಟ ಒಪ್ಪಿಗೆ ಅಲ್ಲ ಅದು, ಶರತ್ತು ಇತ್ತು. ಅವರು ಹಿಂದಿನ ಸರ್ಕಾರದಲ್ಲಿ ತಾವೇ ಹಣಕಾಸು ಸಚಿವರಾಗಿದ್ದವರು, ಲೆಕ್ಕ ಏನು ಹೇಳುತ್ತದೆ ಅಂತ ಬಲ್ಲವರು. ಬಲ್ಲವರು ಸದನದಲ್ಲಿ ಗೊತ್ತಿಲ್ಲದವರ ಹಾಗೆ ಕೂಗುವುದು ಜನರಿಗೆ ಮಾಡುವ ಮೋಸ, ಅಲ್ವಾ?

‘ನಮ್ಮ ಹತ್ತಿರ ಅಧಿಕಾರಿಗಳಿಲ್ಲ, ಅಂಕಿ ಅಂಶ ಇಲ್ಲ’ ಅನ್ನುವ ನೆಪ ಈಗ ಅಷ್ಟು ನಡೆಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಸಿಪಿಬಿ ಅನ್ನುವ ಸಂಸ್ಥೆ 1986ರಿಂದ ಪಕ್ಷಗಳ ಪ್ರಣಾಳಿಕೆಗೆ ಖರ್ಚಿನ ಲೆಕ್ಕ ಹಾಕಿ ಕೊಡುತ್ತಿದೆ. ಆಸ್ಟ್ರೇಲಿಯಾ 2012ರಲ್ಲಿ ಸಂಸತ್ತಿಗೇ ಒಂದು ಬಜೆಟ್ ಕಚೇರಿ ತೆರೆಯಿತು. ಕೆನಡಾದಲ್ಲಿ 2019ರ ಚುನಾವಣೆಯಿಂದ ಪಕ್ಷಗಳು ತಮ್ಮ ಭರವಸೆಗಳ ಲೆಕ್ಕವನ್ನು ಸಂಸತ್ತಿನ ಬಜೆಟ್ ಅಧಿಕಾರಿಯ ಕೈಲಿ ಹಾಕಿಸಬಹುದು. ಇಷ್ಟೆಲ್ಲ ಇರುವಲ್ಲೂ ವಿರೋಧ ಪಕ್ಷ ಬರಿಗೈಯಲ್ಲಿ ಎದ್ದು ನಿಂತರೆ, ಅದಕ್ಕೆ ಲೆಕ್ಕ ಸಿಗಲಿಲ್ಲ ಅಂತ ನಾನು ನಂಬುವುದಿಲ್ಲ. ಲೆಕ್ಕ ಹೇಳಿದರೆ ಯಾರಿಗಾದರೂ ಬೇಸರವಾದೀತು ಅನ್ನುವ ಭಯ ಅದು.

ವಿರೋಧ: ಕೇಳಿಸಿಕೊಳ್ಳಬೇಕಾದ್ದು ಏಟು ತಿನ್ನುವವರ ಮಾತು

‘ನೀವಾಗಿದ್ದರೆ ಎಲ್ಲಿ ಕಡಿತ?’ ಅನ್ನುವ ಪ್ರಶ್ನೆಯಲ್ಲೇ ಒಂದು ಬಲೆ ಇದೆ. ಉತ್ತರ ಕೊಡಲು ಬಾಯಿ ತೆರೆದ ಕೂಡಲೇ ನೀವು ಇಷ್ಟು ಮೊತ್ತ ಕಡಿತ ಆಗಲೇಬೇಕು ಅಂತ ಒಪ್ಪಿಕೊಂಡ ಹಾಗೆ. ಆಮೇಲೆ ಉಳಿಯುವುದು ಶಾಲೆಯಾ, ಆಸ್ಪತ್ರೆಯಾ ಅನ್ನುವ ಚೌಕಾಸಿ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಹಾಸಿಗೆ ಚಿಕ್ಕದಾಗಿದ್ದು ಹೇಗೆ, ಅದರಲ್ಲಿ ಯಾರ ಕಾಲು ಮಡಿಸುತ್ತಿದ್ದೀರಿ ಅಂತ ಕೇಳಲು ಸದನದಲ್ಲಿ ಒಬ್ಬರು ಬೇಡವಾ?

ಇನ್ನು ಅಧಿಕಾರದ ಮಾತು. ಬ್ರಿಟನ್ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಖರ್ಚಿನ ಪ್ರಸ್ತಾವ ಸರ್ಕಾರದ ಕಡೆಯಿಂದಲೇ ಬರಬೇಕು. 1713ರಿಂದ ಇರುವ ನಿಯಮ ಇದು. ವಿರೋಧ ಪಕ್ಷದ ಸದಸ್ಯರು ಕಡಿಮೆ ಮಾಡಿ ಅನ್ನಬಹುದು, ಬೇಡ ಅನ್ನಬಹುದು, ಇನ್ನಷ್ಟು ಕೊಡಿ ಅಂತ ತಾವೇ ಪ್ರಸ್ತಾವ ಇಡುವ ಹಾಗಿಲ್ಲ. ಬದಲಿ ಬಜೆಟ್ ತರುವ ದಾರಿಯನ್ನೇ ಮುಚ್ಚಿ, ಬದಲಿ ಎಲ್ಲಿ ಅಂತ ಕೇಳುವುದು ನ್ಯಾಯವಲ್ಲ. 2013ರಲ್ಲಿ, ಆಗ ವಿರೋಧ ಪಕ್ಷವಾಗಿದ್ದ ಲೇಬರ್‌ನ ಎಡ್ ಬಾಲ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಪ್ರಣಾಳಿಕೆಯ ಲೆಕ್ಕವನ್ನು ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಅನ್ನುವ ಸ್ವತಂತ್ರ ಸಂಸ್ಥೆಯೇ ಪರೀಕ್ಷೆ ಮಾಡಲಿ ಅಂತ ಕೇಳಿದರು. ಸರ್ಕಾರ ಒಪ್ಪಲಿಲ್ಲ. ಲೆಕ್ಕ ಎಲ್ಲಿ ಅಂತ ದಿನಾ ಕೇಳುತ್ತಿದ್ದವರೇ ಲೆಕ್ಕ ನೋಡಿಸುವ ಬಾಗಿಲು ಹಾಕಿದರು.

ನನಗೆ ಜಾಸ್ತಿ ನೋವು ಕೊಡುವುದು 2015ರ ಕಥೆ. ಮೇ ತಿಂಗಳಲ್ಲಿ ಲೇಬರ್ ಸೋತಿತ್ತು. ಜುಲೈಯಲ್ಲಿ ಸರ್ಕಾರ ಕಲ್ಯಾಣ ಮಸೂದೆ ತಂದಿತು. ಮೂರನೆಯ ಮಗುವಿನಿಂದ ಮುಂದಕ್ಕೆ ಬಡ ಕುಟುಂಬಗಳಿಗೆ ಸಿಗುವ ನೆರವನ್ನು ನಿಲ್ಲಿಸುವ ಮಾತು ಅದರಲ್ಲಿತ್ತು. ಲೇಬರ್‌ನ ಹಂಗಾಮಿ ನಾಯಕಿ ಹ್ಯಾರಿಯೆಟ್ ಹಾರ್ಮನ್, ಜನ ನಮ್ಮನ್ನು ದುಡ್ಡಿನ ವಿಷಯದಲ್ಲಿ ನಂಬಿಲ್ಲ, ಎಲ್ಲದಕ್ಕೂ ಬೇಡ ಅನ್ನಲಾಗದು ಅಂತ ತಟಸ್ಥವಾಗಿರಲು ಹೇಳಿದರು. ಅಂದರೆ ಅವರು ‘ಹೊಣೆಗಾರ’ ವಿರೋಧ ಪಕ್ಷ ಆಗಲು ಹೊರಟರು. ಜುಲೈ 20ರಂದು ಅವರ ಪಕ್ಷದ 48 ಮಂದಿ ಆ ಮಾತು ಮೀರಿ ವಿರುದ್ಧ ಮತ ಹಾಕಿದರು. ಉಳಿದವರು ಸುಮ್ನೆ ಕೂತರು. ಎರಡು ಮಕ್ಕಳ ಮಿತಿ 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು.

2015ರಲ್ಲೇ ಟ್ಯಾಕ್ಸ್ ಕ್ರೆಡಿಟ್ ಕಡಿತದ ಕಥೆ ಬೇರೆ ಥರ ಮುಗಿಯಿತು. ಕಡಿಮೆ ಸಂಬಳದ ಕೆಲಸಗಾರರ ನೆರವಿನಲ್ಲಿ ಸುಮಾರು 440 ಕೋಟಿ ಪೌಂಡ್ ಉಳಿಸುವ ಯೋಜನೆ ಅದು. ವಿರೋಧ ಜೋರಾಯಿತು. ಅಕ್ಟೋಬರ್ 26ರಂದು ಮೇಲ್ಮನೆಯಾದ ಲಾರ್ಡ್ಸ್ ಸಭೆ ಅದನ್ನು ತಡೆದು ನಿಲ್ಲಿಸಿತು. ಒಂದು ತಿಂಗಳೊಳಗೆ, ನವೆಂಬರ್ 25ಕ್ಕೆ, ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಆ ಕಡಿತವನ್ನೇ ಕೈಬಿಟ್ಟರು. ಆದಾಯ-ವೆಚ್ಚದ ಹೊಸ ಅಂದಾಜು ಸುಧಾರಿಸಿತ್ತು, ಐದು ವರ್ಷಕ್ಕೆ 2,700 ಕೋಟಿ ಪೌಂಡ್ ಜಾಸ್ತಿ ಕಾಣಿಸಿತು. ಬೇಸಿಗೆಯಲ್ಲಿ ಬೇರೆ ದಾರಿಯೇ ಇಲ್ಲ ಅಂದಿದ್ದ ಲೆಕ್ಕ ಚಳಿಗಾಲದ ಹೊತ್ತಿಗೆ ಬದಲಾಗಿತ್ತು. ಜುಲೈಯಲ್ಲೇ ವಿರೋಧ ಪಕ್ಷ ಆ ಅಂದಾಜಿಗೆ ಹೊಂದುವ ಬದಲಿ ಕಡಿತದ ಪಟ್ಟಿ ಕೊಟ್ಟಿದ್ದರೆ, ಬೇಡವಾಗಿದ್ದ ಕಡಿತಕ್ಕೆ ತಾನೂ ಸಹಿ ಹಾಕಿದ ಹಾಗೆ ಆಗುತ್ತಿತ್ತು.

ಐರ್ಲೆಂಡನ್ನೂ ಪೂರ್ತಿ ನೋಡಬೇಕು. ಡ್ಯೂಕ್ಸ್ ಮೆಚ್ಚುಗೆ ಪಡೆದರು, ಸರಿ. ಆದರೆ ಆ ಎರಡು ವರ್ಷಗಳಲ್ಲಿ ಆಸ್ಪತ್ರೆಗಳ ಹಾಸಿಗೆಗಳು ಮುಚ್ಚುತ್ತಾ ಹೋದವು. ಅಲ್ಲಿನ ಲೇಬರ್, ವರ್ಕರ್ಸ್ ಪಾರ್ಟಿಯಂಥ ಚಿಕ್ಕ ಪಕ್ಷಗಳು ಕೂಗಿದವು, ಆದರೆ ಸರ್ಕಾರವನ್ನು ಅಲುಗಾಡಿಸುವ ಸಂಖ್ಯೆ ಇದ್ದದ್ದು ಫಿನ ಗೇಲ್ ಹತ್ತಿರ. 1989ರ ಚುನಾವಣೆಯಲ್ಲಿ ಆರೋಗ್ಯವೇ ದೊಡ್ಡ ವಿಷಯವಾಯಿತು. ಆ ಎರಡು ಚಿಕ್ಕ ಪಕ್ಷಗಳೂ ಮೂರು ಮೂರು ಸ್ಥಾನ ಜಾಸ್ತಿ ಗೆದ್ದವು. ಪ್ರಚಾರದ ನಡುವೆ ಪ್ರಧಾನಿ ಚಾರ್ಲ್ಸ್ ಹಾಹಿ ರೇಡಿಯೊದಲ್ಲಿ ಮಾತಾಡುತ್ತಾ, ಆರೋಗ್ಯ ಸೇವೆಯಲ್ಲಿ ಜನರಿಗೆ ಇಷ್ಟು ಕಷ್ಟ ಆಗಿದೆ ಅಂತ ತಮಗೆ ಗೊತ್ತಿರಲಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಎರಡು ವರ್ಷ ಕಡಿತ ಮಾಡಿದ ಸರ್ಕಾರದ ಮುಖ್ಯಸ್ಥರ ಮಾತು ಅದು. ಸದನದ ಅತಿ ದೊಡ್ಡ ವಿರೋಧ ಪಕ್ಷ ವಾರಕ್ಕೊಮ್ಮೆ ಎದ್ದು ನಿಂತು, ಈ ವಾರ ಯಾವ ವಾರ್ಡ್ ಮುಚ್ಚಿತು, ಯಾರ ಆಪರೇಷನ್ ಮುಂದಕ್ಕೆ ಹೋಯಿತು ಅಂತ ಓದಿ ಹೇಳಿ, ಮತವನ್ನೂ ವಿರುದ್ಧ ಹಾಕುತ್ತಿದ್ದರೆ ಅವರಿಗೆ ಅದು ಗೊತ್ತಿರುತ್ತಿತ್ತು.