ಕೈರೋಪ್ರಾಕ್ಟರ್ ಕುರಿತ ಸಂದೇಶ: ಒಂದು ಸ್ಪಷ್ಟನೆ

‘ಕೈರೋಪ್ರಾಕ್ಟರ್‌ಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಮಾನ್ಯತೆ ನೀಡಿದೆ, ಪಾರ್ಶ್ವವಾಯುವಾದವರಿಗೂ ಇನ್ನು ಫಿಸಿಯೋಥೆರಪಿ ಬೇಡ’ ಎಂದು ಮುಂಬಯಿಯ ಮಾಟುಂಗ, ಡೊಂಬಿವಲಿ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶ ಸರಿಯಲ್ಲ. ಕೈರೋಪ್ರಾಕ್ಟರ್ ಎಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ, ತಿರುಚಿ ಚಿಕಿತ್ಸೆ ನೀಡುವವರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದದ್ದು ತರಬೇತಿ ಮತ್ತು ಸುರಕ್ಷತೆಯ ಮಾರ್ಗಸೂಚಿಯನ್ನೇ ಹೊರತು ಯಾರಿಗೂ ಪರವಾನಗಿಯನ್ನಲ್ಲ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಡಿ ನೋಂದಾಯಿತರಾದ ಕೈರೋಪ್ರಾಕ್ಟರ್‌ಗಳು ಬೆನ್ನು, ಕುತ್ತಿಗೆಯ ನೋವಿಗೆ ಕೈಚಿಕಿತ್ಸೆಯ ಜತೆಗೆ ವ್ಯಾಯಾಮವನ್ನೂ ಹೇಳಿಕೊಡುತ್ತಾರೆ. ಪುನಶ್ಚೇತನದಲ್ಲಿ ಅವರ ಪಾಲು ಅಷ್ಟರಮಟ್ಟಿಗೆ ನಿಜ. ಆದರೆ ಸ್ವಾಧೀನ ತಪ್ಪಿದ ಕೈಗೆ ಮತ್ತೆ ಲೋಟ ಹಿಡಿಯುವುದನ್ನು, ಕಾಲಿಗೆ ಮೆಟ್ಟಿಲೇರುವುದನ್ನು ವಾರಗಟ್ಟಲೆ ಕಲಿಸುವುದು ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಯ ಕೆಲಸ. ಕೈರೋಪ್ರಾಕ್ಟರ್‌ಗಳ ವಿಡಿಯೋಗಳಲ್ಲಿ ಕೀಲು ತಿರುಚಿದಾಗ ಕೇಳಿಬಂದು ಎಲ್ಲರನ್ನೂ ಬೆರಗಾಗಿಸುವ ‘ಲಟಕ್’ ಸದ್ದು ಕೀಲಿನ ದ್ರವದೊಳಗಿನ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು, ಸರಿದ ಮೂಳೆ ಸ್ವಸ್ಥಾನಕ್ಕೆ ಬಂದದ್ದರ ಗುರುತಲ್ಲ. ಪಾರ್ಶ್ವವಾಯುವಾದವರು ನರರೋಗ ತಜ್ಞರನ್ನು ಕೇಳದೆ ಕುತ್ತಿಗೆ ತಿರುಚಿಸಿಕೊಳ್ಳಬಾರದು.